ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಒಂಬತ್ತನೇ ಆಲ್ಬಂ

ಮೊನ್ನೆ ಸರಗೂರಿನ ಅಕ್ಕನ ಮನೆಯಿಂದ ವಾಪಸ್ ಬರುತ್ತಿದ್ದೆ. ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ಬದಲಾಯಿಸಿ, ಹುಣಸೂರಿನಲ್ಲಿ ಇನ್ನೊಂದು ಹಿಡಿದು, ಪಿರಿಯಾಪಟ್ಟಣದ ದಾರಿಯಲ್ಲಿ ನಮ್ಮೂರು ಇನ್ನೇನು ಬಂತು ಅನ್ನುವಾಗ ಕಿಟಕಿಯಿಂದ ಆ ವಾಸನೆ ಬಂತು. ಯಾರೋ ವರ್ಷದ ಮೊದಲ ಬ್ಯಾರನ್ನಿಗೆ ಬೆಂಕಿ ಹಾಕಿದ್ದರು. ಹಸಿ ಹೊಗೆಸೊಪ್ಪು ಬೇಯುವಾಗ ಬರುವ, ಬೆಲ್ಲದ ಪಾಕ ಸ್ವಲ್ಪ ತಳ ಹಿಡಿದಂಥ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಆಹಾ ಅಂತ ಮೂಗು ಅರಳಿಸಿದಳು. ನನಗೆ ತಲೆ ಕೆಟ್ಟುಹೋಯಿತು. ಊರಿನವರಿಗೆಲ್ಲ ಆ ವಾಸನೆ ಅಂದರೆ ಬೆಳೆ ಕೈಗೆ ಬಂತು ಅಂತ ಖುಷಿ. ನನಗಾದರೋ ಅದು ಮೂಗಿಗೆ ಬಿದ್ದರೆ ಸಾಕು, ಕಿವಿಯಲ್ಲಿ ಟ್ರಂಪೆಟ್ಟು ಶುರುವಾಗುತ್ತದೆ, ಅದರ ಹಿಂದೆ ಗಿಟಾರು, ಡ್ರಮ್ಮು, ಕೊನೆಗೆ ಎರಡು ವರ್ಷದ ಹಿಂದಿನ ಆ ಆಷಾಢವೆಲ್ಲ ಬಂದು ತಲೆಯ ಮೇಲೆ ಕೂರುತ್ತದೆ.

ಗೊತ್ತಿಲ್ಲದವರಿಗೆ ಹೇಳಬೇಕು. ಬ್ಯಾರನ್ನು ಅಂದರೆ ಹೊಗೆಸೊಪ್ಪು ಬೇಯಿಸುವ ಕೋಣೆ. ದಪ್ಪ ಗೋಡೆ, ಕಿಟಕಿ ಇಲ್ಲ, ಎರಡು ಅಂತಸ್ತಿನಷ್ಟು ಎತ್ತರ. ಒಳಗೆ ಮೇಲಿನಿಂದ ಕೆಳಗಿನ ತನಕ ಅಡ್ಡಡ್ಡ ಮರದ ಗಳಗಳು. ಎಲೆ ಕಟ್ಟಿದ ಕಡ್ಡಿಗಳನ್ನು ಆ ಗಳಗಳ ಮೇಲೆ ಇಳಿಬಿಟ್ಟು, ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಸೌದೆ ಹಾಕಿದರೆ ತಗಡಿನ ಕೊಳವೆಗಳಲ್ಲಿ ಬಿಸಿ ಹರಿದು ಐದಾರು ದಿನಕ್ಕೆ ಎಲೆ ಹೊಂಬಣ್ಣಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಎಲೆ ಮುರಿಸುವುದರಿಂದ ಹಿಡಿದು ಒಲೆ ಕಾಯುವ ತನಕ ಎಲ್ಲ ನನ್ನದೇ ಉಸ್ತುವಾರಿ. ಯಾಕೆ ಅಂದರೆ ಮನೆಯ ಗಂಡಸರಿಬ್ಬರೂ ಬ್ಯಾಂಡಿನವರು.

ಮಾವ ಕರೀಗೌಡರು ಟ್ರಂಪೆಟ್ಟು. ನನ್ನ ಗಂಡ ಗಿರೀಶ ಸ್ಯಾಕ್ಸೋಫೋನು. ಹ್ಯಾಂಡ್‌ಪೋಸ್ಟ್‌ನಲ್ಲಿ ಟೈರು ಪಂಚರ್ ಅಂಗಡಿ ಇಟ್ಟಿರುವ ಬಾಬಣ್ಣ ಗಿಟಾರು, ಹಾಡುವುದೂ ಅವರೇ. ಕೆ.ಆರ್. ನಗರದ ಕಡೆ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಸೋಮ ಡ್ರಮ್ಮು. ಮೊದಲು ಮದುವೆ ಮೆರವಣಿಗೆಯ ಮುಂದೆ ಊದಿಕೊಂಡು ಹೋಗುವ ಬ್ಯಾಂಡ್‌ಸೆಟ್ಟಾಗಿದ್ದದ್ದು, ಬಾಬಣ್ಣ ಕರೆಂಟಿನ ಗಿಟಾರು ತಂದ ಮೇಲೆ ರಾಕ್ ಬ್ಯಾಂಡ್ ಆಯಿತು. ಟ್ರಂಪೆಟ್ಟು, ಸ್ಯಾಕ್ಸೋಫೋನು ಬಿಡಲಿಲ್ಲ. ಹೆಸರು ‘ಗುಡುಗು’. ಹೆಸರಿಗೆ ತಕ್ಕ ಹಾಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾಲ್ಕು ತಾಲ್ಲೂಕಿನ ಜನರ ಕಿವಿ ಕಿತ್ತು ಕೈಗೆ ಕೊಟ್ಟಿದ್ದಾರೆ. ನಮ್ಮ ಮದುವೆಯಲ್ಲೇ, ಧಾರೆ ಮುಗಿದದ್ದೇ ತಡ, ಮದುಮಗ ಬಾಸಿಂಗ ಕಟ್ಟಿಕೊಂಡೇ ಸ್ಯಾಕ್ಸೋಫೋನು ಎತ್ತಿಕೊಂಡ. ಹಸೆಮಣೆಯ ಮೇಲೆ ನಾನೊಬ್ಬಳೇ ಕೂತಿರುವ ಫೋಟೋ ಈಗಲೂ ಇದೆ. ಆವತ್ತೇ ನನಗೆ ಬುದ್ಧಿ ಬರಬೇಕಿತ್ತು.

ಈ ಬ್ಯಾಂಡಿನ ಆಲ್ಬಂಗಳು ಒಂಬತ್ತು. ಒಂದಕ್ಕೂ ಹೆಸರಿಲ್ಲ. ಮೊದಲನೆಯದಕ್ಕೆ ಹೆಸರಿಡಲು ಕೂತು ಮೂರು ದಿನ ಜಗಳವಾಡಿ, ಕೊನೆಗೆ ಕ್ಯಾಸೆಟ್ಟಿನ ಮೇಲೆ ‘ಒಂದು’ ಅಂತ ಬರೆಸಿದರಂತೆ. ಅಲ್ಲಿಂದ ಎರಡು, ಮೂರು ಅಂತ ಮಗ್ಗಿಯ ಹಾಗೆ ನಡೆದುಕೊಂಡು ಬಂತು. ಮೊದಲಿನವು ಕ್ಯಾಸೆಟ್ಟು, ನಡುವಿನವು ಸೀಡಿ, ಆಮೇಲಿನವು ಪೆನ್‌ಡ್ರೈವು. ಮಾರಿ ಉಳಿದದ್ದೆಲ್ಲ ನಮ್ಮ ಅಟ್ಟದಲ್ಲಿ ಬಿದ್ದಿದೆ, ಪ್ರತಿ ಯುಗಾದಿಗೆ ಅದರ ಧೂಳು ಹೊಡೆಯುವವಳು ನಾನು. ನಾಲ್ಕನೆಯದರ ಡಬ್ಬಕ್ಕೆ ಇಲಿ ಬಿದ್ದಾಗ ಮನೆಯಲ್ಲಿ ಸೂತಕದ ಕಳೆ. ಮೂರನೆಯದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದರಲ್ಲಿ ಬಾಬಣ್ಣ ಜ್ವರದಲ್ಲಿ ಹಾಡಿದ್ದಾರೆ.

ಎಂಟು ಆಲ್ಬಂಗಳ ಮೇಲೂ ಮಾವ ಟ್ರಂಪೆಟ್ಟು ಎತ್ತಿ ಹಿಡಿದ ಫೋಟೋ ಇದೆ. ಒಳಗೆ ಕೇಳಿದರೆ ಮಾವ ಇಲ್ಲ. ಮೈಸೂರಿನ ಸ್ಟುಡಿಯೋ ಒಂದರಲ್ಲಿ ಮೊದಲನೆಯದನ್ನು ಮಾಡುವಾಗ ಅಲ್ಲಿಯವನು ‘ನಿಮ್ಮದು ತುಂಬಾ ಜೋರಾಯಿತು’ ಅಂತ ಮಾವನನ್ನು ಹೊರಗೆ ನಲ್ಲಿಯ ಪಕ್ಕ ನಿಲ್ಲಿಸಿ ಊದಿಸಿದನಂತೆ. ಕೇಳಿದರೆ ಪಕ್ಕದೂರಿನಲ್ಲಿ ಯಾರದೋ ಮದುವೆ ಇದ್ದ ಹಾಗಿದೆ. ಮುಂದಿನವುಗಳಿಗೆ ಆ ಗೋಜೇ ಬೇಡ ಅಂತ ಊದುವ ಕಡೆಯೆಲ್ಲ ಕೀಬೋರ್ಡು ಒತ್ತಿಸಿದರು. ಏಳನೆಯದರಲ್ಲಿ ಒಂದು ಕಡೆ ನಿಜವಾದ ಟ್ರಂಪೆಟ್ಟು ಇದೆ ಅಂತ ಗಿರೀಶ ಇವತ್ತಿಗೂ ವಾದ ಮಾಡುತ್ತಾನೆ. ನಾನು ಹತ್ತು ಸಲ ಕೇಳಿದ್ದೇನೆ. ಅದು ಸ್ಟುಡಿಯೋ ಹೊರಗಿನ ಲಾರಿ ಹಾರನ್ನು.

ಇನ್ನು ‘ಉದ್ದದ್ದು’ ಅಂತ ಒಂದಿದೆ. ಅದು ಮಾವ ತಾವೇ ಕಟ್ಟಿದ್ದು. ಮಾತಿಲ್ಲ, ಬರೀ ವಾದ್ಯ. ಏಳು ನಿಮಿಷ ನಡೆಯುತ್ತದೆ. ಮದುವೆ ಮುಗಿದು ಹೆಣ್ಣನ್ನು ಕಳಿಸುವ ಹೊತ್ತಿಗೆ ಅದನ್ನು ಊದುತ್ತಾರೆ. ಮೊದಲು ಜೋರಾಗಿ ಬಂದು, ನಡುವೆ ಎದುರು ನಿಂತವರಿಗೂ ಕೇಳಿಯೂ ಕೇಳದಷ್ಟು ಸಣ್ಣಗಾಗಿ, ಅಲ್ಲಿಂದ ಮತ್ತೆ ಎದ್ದು ಮೇಲೆ ಹೋಗುತ್ತದೆ. ಅಳಬಾರದು ಅಂತ ಹಲ್ಲು ಕಚ್ಚಿ ನಿಂತ ಗಂಡಸರೂ ಅಲ್ಲಿಗೆ ಬಂದಾಗ ಟವೆಲ್ಲು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ನಾನೇ ನೋಡಿದ್ದೇನೆ. ಎಂಟು ಆಲ್ಬಂಗಳಲ್ಲೂ ಅದನ್ನು ಬಿಟ್ಟರು. ಒಂದು ಸಲ ಕ್ಯಾಸೆಟ್ಟಿನಲ್ಲಿ ಜಾಗವಿಲ್ಲ, ಒಂದು ಸಲ ಇಷ್ಟು ಉದ್ದ ಯಾರು ಕೇಳುತ್ತಾರೆ, ಹೀಗೆ. ಮಾವ ಪ್ರತಿ ಸಲವೂ ಮನೆಗೆ ಬಂದು ಟ್ರಂಪೆಟ್ಟು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ದನ ಹಿಡಿದುಕೊಂಡು ಹೋಗುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಅವರ ಮೇಲಿನ ಎರಡು ಮುಂದಿನ ಹಲ್ಲು ಅಲ್ಲಾಡತೊಡಗಿದವು. ಸಕ್ಕರೆ ಕಾಯಿಲೆ ಬೇರೆ, ವಸಡೆಲ್ಲ ಕೀವಾಗಿತ್ತು. ನಾನೇ ಕರೆದುಕೊಂಡು ಹೋದೆ. ಹುಣಸೂರಿನ ಹಲ್ಲಿನ ಡಾಕ್ಟರಮ್ಮ ನೋಡಿ, ತೆಗೆಯಲೇಬೇಕು, ತಡ ಮಾಡಿದರೆ ದವಡೆಗೆ ಇಳಿಯುತ್ತದೆ ಅಂದರು. ಟ್ರಂಪೆಟ್ಟು ಊದುವವನಿಗೆ ತುಟಿಯ ಹಿಂದೆ ಹಲ್ಲಿಲ್ಲದಿದ್ದರೆ ಮುಗಿಯಿತು, ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. ಅದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಮಾವ ಹೇಳಲೂ ಇಲ್ಲ. ‘ಭೀಮ್ನಮಾಸೆ ಕಳೀಲಿ ಕಣವ್ವ, ಮಾರ್ನೆ ದಿನಾನೆ ಬಂದು ಬಾಯಿ ತಗೀತೀನಿ’ ಅಂದು ಎದ್ದರು. ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೇಳಿದರು.

‘ಹಲ್ಲು ಓದ್ರೆ ಓಗ್ಲಿ ಬುಡವ್ವ. ಅಷ್ಟ್ರೊಳಗೆ ಉದ್ದದ್ದು ಒಂದ್ಸಲ ಸರಿಯಾಗಿ ಆಗ್ಬುಡ್ಲಿ. ನಾನು ಊದಿದ್ದು ಅಂತ ಒಂದಿರ್ಲಿ.’

ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಗ ನಾನು ಕರಗಿಹೋದೆ, ನಿಜ. ಆಮೇಲೆ ಅನುಭವಿಸಿದೆ.

ಬ್ಯಾರನ್ನಿನಲ್ಲಿ ರೆಕಾರ್ಡ್ ಮಾಡುವ ಯೋಚನೆ ನನ್ನ ಮಗಳು ದೀಪುವಿನದು. ಅವಳು ಹುಣಸೂರಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಕೆಲಸದಲ್ಲಿದ್ದಾಳೆ. ಮೈಕು, ಲ್ಯಾಪ್‌ಟಾಪು ಎಲ್ಲ ಅವಳ ಹತ್ತಿರವೇ ಇದ್ದವು. ಖಾಲಿ ಬ್ಯಾರನ್ನಿನೊಳಗೆ ನಿಂತು ಚಪ್ಪಾಳೆ ಹೊಡೆದು, ‘ಕೇಳಮ್ಮ, ಮೈಸೂರಲ್ಲಿ ಯಾವ ಸ್ಟುಡಿಯೋದಲ್ಲೂ ಇಂಥ ಸೌಂಡ್ ಸಿಗಲ್ಲ’ ಅಂದಳು. ಆಷಾಢದಲ್ಲಿ ಮದುವೆಗಳಿಲ್ಲ, ಬ್ಯಾಂಡಿನವರೆಲ್ಲ ಖಾಲಿ. ಆಷಾಢ ಮುಗಿಯುವ ಹೊತ್ತಿಗೆ ಎಲೆ ಬಲಿಯುತ್ತದೆ, ಅಲ್ಲಿಯ ತನಕ ಬ್ಯಾರನ್ನೂ ಖಾಲಿ. ಲೆಕ್ಕ ಸರಿಯಾಗಿಯೇ ಇತ್ತು. ನಾನು ಒಂದೇ ಮಾತು ಹೇಳಿದೆ, ಎಲೆ ಮುರಿದ ದಿನ ಬ್ಯಾರನ್ನು ನನ್ನದು, ಅವತ್ತು ಒಳಗೆ ಯಾರೂ ಇರಕೂಡದು. ಎಲ್ಲರೂ ಆಯ್ತು ಆಯ್ತು ಅಂತ ತಲೆ ಆಡಿಸಿದರು.

ಶುರುವಾಗುವ ಮೊದಲೇ ಬಾಬಣ್ಣ ಒಂದು ತಕರಾರು ತೆಗೆದರು. ಆಷಾಢದಲ್ಲಿ ಹೊಸ ಕೆಲಸ ಶುರು ಮಾಡುವ ಹಾಗಿಲ್ಲ. ಸರಿ, ಅದಕ್ಕೂ ಅವರೇ ದಾರಿ ಕಂಡುಹಿಡಿದರು. ಜ್ಯೇಷ್ಠದ ಕೊನೆಯ ಒಳ್ಳೆಯ ದಿನ ನೋಡಿ ಬ್ಯಾರನ್ನಿನ ಬಾಗಿಲಲ್ಲಿ ಕಾಯಿ ಒಡೆದು, ಕರ್ಪೂರ ಹಚ್ಚಿ, ದೀಪುವಿನ ಕೈಯಲ್ಲಿ ಲ್ಯಾಪ್‌ಟಾಪಿನ ಕೆಂಪು ಗುಂಡಿ ಒತ್ತಿಸಿದರು. ಬಾಬಣ್ಣ ಗಿಟಾರಿನ ತಂತಿ ಒಂದು ನಿಮಿಷ ಮೀಟಿದರು. ಶುರುವಾಯಿತು, ಇನ್ನು ಆಷಾಢದಲ್ಲಿ ಮಾಡುವುದೆಲ್ಲ ಬರೀ ಮುಂದುವರಿಕೆ ಅಂತ ತೀರ್ಮಾನ. ದೀಪು ನಿಲ್ಲಿಸಲು ಹೋದಳು. ಬಾಬಣ್ಣ ಹೌಹಾರಿ ಅವಳ ಕೈ ಹಿಡಿದುಕೊಂಡರು.

‘ಅಯ್ಯಯ್ಯೋ, ಸ್ಟಾಪ್ ಒತ್ತಬ್ಯಾಡ ಕಣ್ ಮಗ! ಸ್ಟಾಪ್ ಒತ್ತುದ್ರೆ ಇಲ್ಲಿಗೆ ಮುಗೀತು ಅಂತ. ನಾಳಿದ್ದು ಮತ್ತೆ ಒತ್ತುದ್ರೆ ಆಷಾಢದಾಗೆ ಶುರು ಮಾಡ್ದಂಗಾಯ್ತದೆ. ಪಾಸ್ ಒತ್ತು, ಪಾಸು!’

‘ಬಾಬಣ್ಣ, ಒಂದ್ ತಿಂಗಳು ಪಾಸ್ ಮಾಡಿ ಅರ್ಧದಲ್ಲೇ ತಡೆದಿಡಕ್ಕಾಗಲ್ಲ.’

‘ಯಾಕಾಗಕಿಲ್ಲ? ದೇವ್ರ ಮನೇಲಿ ನಂದಾದೀಪ ಉರಿಯಾಕಿಲ್ವಾ?’

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮಾವನಾದರೂ ಏನಾದರೂ ಹೇಳಬಹುದು ಅಂತ ನೋಡಿದೆ. ಅವರು ‘ಇರ್ಲಿ ಬುಡು, ಅವ್ನು ಯೋಳೋದ್ರಲ್ಲೂ ನ್ಯಾಯ ಅದೆ’ ಅಂದರು. ಹೀಗೆ ಆ ಲ್ಯಾಪ್‌ಟಾಪು ಹಗಲೂ ರಾತ್ರಿ ಉಸಿರು ಹಿಡಿದುಕೊಂಡು ಬ್ಯಾರನ್ನಿನಲ್ಲಿ ಕೂತಿತು. ಮನೆಯ ಯುಪಿಎಸ್ಸಿನಿಂದ ಅದಕ್ಕೆ ಬೇರೆ ವೈರು ಎಳೆದರು. ಕರೆಂಟು ಹೋದಾಗ ನಾನು ಮಿಕ್ಸಿ ಹಾಕುವಂತಿಲ್ಲ, ಟಿವಿ ನೋಡುವಂತಿಲ್ಲ, ಎಲ್ಲ ಅದಕ್ಕೇ ಮೀಸಲು. ಒಂದು ತಿಂಗಳು ಒರಳಿನಲ್ಲಿ ಚಟ್ನಿ ರುಬ್ಬಿದೆ. ನನ್ನ ಅತ್ತೆ ಬದುಕಿದ್ದಾಗಲೂ ಆ ಮನೆಯಲ್ಲಿ ಅಷ್ಟು ರುಬ್ಬಿರಲಿಲ್ಲ.

ಆಮೇಲೆ ಶುರುವಾಯಿತು ಆಷಾಢದ ಗಾಳಿ, ಜೊತೆಗೆ ಬಿಡದ ಜಿಟಿಜಿಟಿ ಮಳೆ. ದಿನಾ ಬೆಳಿಗ್ಗೆ ಹತ್ತಕ್ಕೆ ಬಾಬಣ್ಣ ಸ್ಕೂಟರಿನಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬರುತ್ತಿದ್ದರು. ಸೋಮ ಕೆ.ಆರ್. ನಗರದಿಂದ ಬಂದು ನಮ್ಮ ಮನೆಯಲ್ಲೇ ಉಳಿದ. ನಾಲ್ಕು ಹೊತ್ತು ಕಾಫಿ, ಎರಡು ಹೊತ್ತು ಮುದ್ದೆ. ಡ್ರಮ್ಮು ಬಾರಿಸಿದರೆ ಮೇಲಿನ ಗಳಗಳಿಂದ ಹಳೆಯ ಎಲೆಯ ಪುಡಿ ಉದುರಿ ಎಲ್ಲರಿಗೂ ಸೀನು. ಒಳ್ಳೆಯದಾಗಿ ಬರುತ್ತಿದೆ ಅನ್ನುವಾಗ ಬಾಬಣ್ಣ ಸೀನುತ್ತಿದ್ದರು. ಅವರು ಸೀನದ ದಿನ ಪಕ್ಕದ ಹೊಲದಲ್ಲಿ ನವಿಲು ಕೂಗುತ್ತಿತ್ತು. ನವಿಲು ಸುಮ್ಮನಿದ್ದರೆ ಗಿರೀಶನ ಫೋನು. ‘ಆಫ್ ಮಾಡಿಡೋಕೆ ಏನು ರೋಗ ನಿಮಗೆ’ ಅಂತ ಕೇಳಿದರೆ, ಶ್ರಾವಣದ ಮದುವೆ ಬುಕಿಂಗು ಬರುತ್ತೆ ಕಣೇ ಅನ್ನುತ್ತಿದ್ದ.

ನಡುವೆ ಒಂದು ದಿನ ಗಾಳಿಗೆ ಮರ ಬಿದ್ದು ಲೈನು ಕಡಿದುಹೋಯಿತು. ಒಂದೂವರೆ ದಿನ ಕರೆಂಟಿಲ್ಲ. ಯುಪಿಎಸ್ಸು ಸತ್ತಿತು, ಲ್ಯಾಪ್‌ಟಾಪೂ ಸತ್ತಿತು. ಆಗಿನ ತನಕ ಮಾಡಿದ್ದೆಲ್ಲ ಉಳಿದಿದೆ ಅಂತ ದೀಪು ಎಷ್ಟು ಹೇಳಿದರೂ ಬಾಬಣ್ಣ ತಲೆಯ ಮೇಲೆ ಕೈ ಹೊತ್ತು ಕೂತರು. ನಿಂತುಹೋಯಿತಲ್ಲ, ಇನ್ನು ಒತ್ತಿದರೆ ಹೊಸದಾಗಿ ಶುರು ಮಾಡಿದಂತೆ ಅಂತ ಎರಡು ದಿನ ಯಾರೂ ಮುಟ್ಟಲಿಲ್ಲ. ನನಗೆ ಮೈ ಉರಿದುಹೋಯಿತು. ಅಲ್ಲಿ ಹೊಲದಲ್ಲಿ ಎಲೆ ಬಲಿಯುತ್ತಿದೆ, ಇಲ್ಲಿ ಮಾವ ವಸಡಿಗೆ ಲವಂಗದೆಣ್ಣೆ ಒತ್ತಿಕೊಂಡು ದಿನ ಎಣಿಸುತ್ತಿದ್ದಾರೆ, ಇವರು ಪಂಚಾಂಗ ಹಿಡಿದು ಕೂತಿದ್ದಾರೆ. ಕೊನೆಗೆ ನಾನೇ ಊರಿನ ಅರ್ಚಕರಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ವಿಷಯ ಹೇಳಿದೆ. ಅವರು ‘ನಿಲ್ಸಿದ್ದು ಗಾಳಿ ಕಣಮ್ಮ, ನೀವಲ್ಲ. ಬಾರಿಸೋಕೆ ಹೇಳಿ’ ಅಂದರು. ಬಾಬಣ್ಣ ಎದ್ದು ಫೋನಿಗೇ ಕೈಮುಗಿದರು.

ಉಳಿದ ಎಂಟು ಹಾಡು ಹೇಗೋ ಮುಗಿದವು. ‘ಉದ್ದದ್ದು’ ಮಾತ್ರ ಮುಗಿಯಲಿಲ್ಲ. ಮಾವ ಊದಿದರೆ ಮೂರು ನಿಮಿಷ ಚೆನ್ನಾಗಿ ಬಂದು, ಸಣ್ಣಗಾಗುವ ಜಾಗಕ್ಕೆ ಹೋದ ಕೂಡಲೇ ಹಲ್ಲು ಅಲ್ಲಾಡಿ ಸ್ವರ ಒಡೆಯುತ್ತಿತ್ತು. ಜೋರಾಗಿ ಊದುವುದು ಸುಲಭವಂತೆ, ಸಣ್ಣಗೆ ಊದುವಾಗಲೇ ತುಟಿಗೆ ಬಿಗಿ ಬೇಕಂತೆ. ನಮಗೆ ಯಾರಿಗೂ ಗೊತ್ತಾಗದಷ್ಟು ಒಡೆದರೂ ಅವರು ಟ್ರಂಪೆಟ್ಟು ಇಳಿಸಿ, ‘ಬ್ಯಾಡ, ಇದಲ್ಲ’ ಅನ್ನುತ್ತಿದ್ದರು. ಆಮೇಲೆ ಅರ್ಧ ಗಂಟೆ ಬಾಯಿಗೆ ಬಿಸಿ ಉಪ್ಪುನೀರು. ದಿನಕ್ಕೆ ನಾಲ್ಕು ಸಲದ ಮೇಲೆ ಅವರ ಕೈಲಿ ಆಗುತ್ತಿರಲಿಲ್ಲ.

‘ತಾತ, ಇದು ಚೆನ್ನಾಗೇ ಬಂದಿದೆ, ಇದನ್ನೇ ಇಟ್ಕೊಳ್ಳೋಣ’ ಅಂತ ದೀಪು ಗೋಗರೆದಳು.

‘ಚೆನ್ನಾಗದೆ ಮಗ. ಸರಿಯಾಗಿಲ್ಲ.’

ಒಮ್ಮೆ ಬಾಬಣ್ಣ ತಡೆಯಲಾರದೆ ಮಾವನಿಗೆ, ‘ಮೇಷ್ಟ್ರೇ, ಆ ಸಣ್ಣುಂದು ಮಾತ್ರ ಕೀಬೋರ್ಡಲ್ಲಿ ಸೇರುಸ್ಬುಡಾದಾ?’ ಅಂದುಬಿಟ್ಟರು. ಮಾವ ಕೂಗಾಡಲಿಲ್ಲ. ಬಾಬಣ್ಣನ ಮುಖವನ್ನು ಸುಮ್ಮನೆ ನೋಡಿದರು. ಬಾಬಣ್ಣ ಎದ್ದುಹೋಗಿ ಮಳೆಯಲ್ಲಿ ನಿಂತು ಬೀಡಿ ಹಚ್ಚಿದರು.

ಎಲೆ ಮುರಿಯುವುದನ್ನು ನಾನು ಮೂರು ಸಲ ಮುಂದೂಡಿದೆ. ಒಂದೊಂದು ದಿನ ತಡವಾದಷ್ಟೂ ಕೆಳಗಿನ ಎಲೆ ಹಳದಿ ತಿರುಗಿ ಮಳೆಗೆ ಚುಕ್ಕೆ ಬೀಳುತ್ತದೆ. ಪಕ್ಕದ ಹೊಲದವರು ಎರಡನೇ ಬ್ಯಾರನ್ನು ತುಂಬಿಸುತ್ತಿದ್ದರು. ಆಳುಗಳು ‘ಮಂಜಕ್ಕ, ನಿಮ್ಮನೇಲಿ ಈ ಸಲ ಸೊಪ್ಪಿಗೂ ಬ್ಯಾಂಡ್ ಬಾರ್ಸೀರಾ’ ಅಂತ ಕಿಚಾಯಿಸಿದರು. ಗಿರೀಶನಿಗೆ ಹೇಳಿದರೆ ಇನ್ನೊಂದು ದಿನ ಇರು ಅನ್ನುತ್ತಾನೆ. ಆ ಮನುಷ್ಯನ ಬಾಯಿಂದ ಮದುವೆಯಾದಾಗಿನಿಂದ ನಾನು ಕೇಳಿರುವುದು ಅದೊಂದೇ. ಭೀಮನ ಅಮಾವಾಸ್ಯೆಯ ಹಿಂದಿನ ದಿನಕ್ಕೆ ಹನ್ನೊಂದು ಜನ ಹೆಂಗಸರನ್ನು ಹೇಳಿಬಿಟ್ಟೆ. ಮಧ್ಯಾಹ್ನ ಹನ್ನೆರಡಕ್ಕೆ ಬ್ಯಾರನ್ನು ಖಾಲಿಯಾಗಬೇಕು, ಆಗದಿದ್ದರೆ ಡ್ರಮ್ಮು ಗಿಟಾರು ಎಲ್ಲ ಕಡ್ಡಿಗೆ ಕಟ್ಟಿ ಒಳಗೇ ಬೇಯಿಸಿಬಿಡುತ್ತೇನೆ ಅಂದೆ. ಬಾಬಣ್ಣ ‘ಆಷಾಢ ಕಳೀದೆ ಒಲೆ ಹಚ್ತೀಯಾ ತಾಯಿ’ ಅಂತ ಬಾಯಿ ತೆಗೆದರು. ‘ಎಲೆಗೆ ಹೋಗಿ ಪಂಚಾಂಗ ಓದಿ’ ಅಂದೆ.

ಆವತ್ತು ಬೆಳಗಿನ ಜಾವದಿಂದ ಎಲೆ ಮುರಿದೆವು. ಹತ್ತು ಗಂಟೆಯ ಹೊತ್ತಿಗೆ ಎಲೆ ಜಗಲಿಯಲ್ಲಿ ಸೊಂಟದೆತ್ತರ ರಾಶಿ ಬಿತ್ತು. ಹೆಂಗಸರು ಕಡ್ಡಿಗೆ ಕಟ್ಟತೊಡಗಿದರು. ಮುರಿದ ಎಲೆ ರಾಶಿಯಲ್ಲಿದ್ದರೆ ತನ್ನಷ್ಟಕ್ಕೆ ತಾನೇ ಬಿಸಿಯೇರುತ್ತದೆ. ಬೇಗ ತುಂಬಿಸದಿದ್ದರೆ ಬೆಂದು ಕಪ್ಪಾಗಿ ತಿಪ್ಪೆಗೆ. ಹನ್ನೆರಡಾಯಿತು. ಬ್ಯಾರನ್ನಿನ ಬಾಗಿಲು ಮುಚ್ಚಿಯೇ ಇತ್ತು. ಹನ್ನೆರಡೂವರೆ. ಕಟ್ಟಿದ ಕಡ್ಡಿಗಳನ್ನು ಇಡಲು ಜಾಗವಿಲ್ಲ, ಹೆಂಗಸರು ಕೈಕಟ್ಟಿ ಕೂತರು. ರಾಶಿಯೊಳಗೆ ಕೈ ಹಾಕಿ ನೋಡಿದೆ, ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು. ಇಡೀ ವರ್ಷದ ಮೊದಲ ಎಲೆ.

ಮಳೆ ಜೋರಾಯಿತು. ಸೆರಗು ತಲೆಯ ಮೇಲೆ ಹಾಕಿಕೊಂಡು ಅಂಗಳ ದಾಟಿ ಬ್ಯಾರನ್ನಿನ ಹತ್ತಿರ ಹೋದೆ. ಬಾಗಿಲಿಗೆ ಕಿವಿ ಕೊಟ್ಟರೆ ಒಳಗೆ ಸದ್ದೇ ಇಲ್ಲ. ಆಹಾ, ನಾನಿಲ್ಲಿ ಎಲೆ ಕೊಳೆಸಿಕೊಂಡು ಸಾಯುತ್ತಿದ್ದರೆ ಇವರು ಒಳಗೆ ಕೂತು ಬೀಡಿ ಸೇದುತ್ತಿದ್ದಾರೆ ಅನ್ನಿಸಿತು. ಆ ಒಂದು ತಿಂಗಳ ಚಟ್ನಿ, ಕಾಫಿ, ಸೀನು, ಪಾಸು ಎಲ್ಲ ಒಟ್ಟಿಗೆ ನೆತ್ತಿಗೇರಿತು. ಬಾಗಿಲನ್ನು ಎರಡೂ ಕೈಯಲ್ಲಿ ದಬ್ಬಿ, ಇದ್ದ ಗಂಟಲಿನಲ್ಲೆಲ್ಲ ಕೂಗಿದೆ.

‘ಇನ್ನೂ ಮುಗೀಲಿಲ್ವಾ ನಿಮ್ದು?’

ಯಾರೂ ಬೀಡಿ ಸೇದುತ್ತಿರಲಿಲ್ಲ. ಮಾವ ಬ್ಯಾರನ್ನಿನ ನಡುವೆ ಕಣ್ಣು ಮುಚ್ಚಿ ನಿಂತಿದ್ದರು, ಟ್ರಂಪೆಟ್ಟು ತುಟಿಯಲ್ಲಿತ್ತು. ಆ ಸಣ್ಣ ಜಾಗ. ಮಳೆಗೆ, ದಪ್ಪ ಗೋಡೆಗೆ ನನಗೆ ಹೊರಗೆ ಕೇಳಿರಲಿಲ್ಲ. ಒಳಗೆ ನಿಂತಾಗ ಕೇಳಿತು, ನೂಲಿನಷ್ಟು ಸಣ್ಣಗೆ, ಎಲ್ಲೂ ಒಡೆಯದೆ ಬರುತ್ತಿತ್ತು. ಬಾಬಣ್ಣ ಸೀನು ಬರದ ಹಾಗೆ ಬಾಯಿಗೆ ಟವೆಲ್ಲು ತುರುಕಿಕೊಂಡಿದ್ದರು. ದೀಪು ನನ್ನನ್ನು ನೋಡಿದ ನೋಟ ನಾನು ಸಾಯುವ ತನಕ ಮರೆಯುವುದಿಲ್ಲ.

ಮಾವ ಕಣ್ಣು ಬಿಟ್ಟರು. ಟ್ರಂಪೆಟ್ಟಿನ ಮೇಲಿಂದ ನನ್ನನ್ನೇ ನೋಡಿದರು. ಊದುವುದನ್ನು ನಿಲ್ಲಿಸಲಿಲ್ಲ. ಹಾಗೇ ನೋಡುತ್ತಾ ಆ ಸಣ್ಣ ಸ್ವರವನ್ನು ಎತ್ತಿಕೊಂಡು ಮೇಲೆ ಹೋದರು. ಗಿರೀಶ ಸೇರಿಕೊಂಡ, ಸೋಮ ಸೇರಿಕೊಂಡ, ಬಾಬಣ್ಣ ಟವೆಲ್ಲು ಕಿತ್ತೆಸೆದು ಗಿಟಾರು ಹಿಡಿದರು. ಬ್ಯಾರನ್ನು ಗಡಗಡ ನಡುಗಿತು. ಇಷ್ಟು ವರ್ಷ ನೂರಾರು ಮದುವೆಗಳಲ್ಲಿ ಅದನ್ನು ಕೇಳಿದ್ದೇನೆ, ಹಾಗೆ ಎಂದೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತು ಬೆನ್ನ ಮೇಲೆ ಮಳೆ ಸುರಿಸಿಕೊಂಡು ಅತ್ತುಬಿಟ್ಟೆ.

ಮುಗಿದ ಮೇಲೆ ದೀಪು ಲ್ಯಾಪ್‌ಟಾಪಿನಲ್ಲಿ ಆ ಜಾಗವನ್ನು ಮತ್ತೆ ಹಾಕಿ ಕೇಳಿದಳು. ‘ಅಮ್ಮನ ಕೂಗು ಬಂದಿದೆ’ ಅಂದಳು. ಅದನ್ನು ಅಳಿಸಲು ಆಗುವುದಿಲ್ಲವಾ ಅಂತ ಗಿರೀಶ ಕೇಳಿದ. ಅಳಿಸಬಹುದು, ಅದರ ಜೊತೆಗೆ ಅಲ್ಲಿರುವ ತಾತನ ಸ್ವರವೂ ಹೋಗುತ್ತೆ ಅಂದಳು. ಮಾವ ಇನ್ನೊಂದು ಸಲ ಊದುತ್ತೇನೆ ಅಂತ ಟ್ರಂಪೆಟ್ಟು ತುಟಿಗೆ ಒತ್ತಿದರು. ಹುಸ್ ಅಂತ ಗಾಳಿ ಬಂತು. ಅವರು ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಬೆರಳ ಸಂದಿಯಲ್ಲಿ ರಕ್ತ, ಅಂಗೈ ಬಿಚ್ಚಿದರೆ ಅದರಲ್ಲಿ ಒಂದು ಹಲ್ಲು.

ತಪ್ಪಾಯಿತು ಮಾವ ಅನ್ನಬೇಕಿತ್ತು. ಕಾಲು ಹಿಡಿಯಬೇಕಿತ್ತು. ನನ್ನ ಹಾಳು ಬಾಯಿಗೆ ಬಂದದ್ದು ಮಾತ್ರ, ‘ಹಿಂಗೆ ನೋಡ್ತಾ ನಿಂತ್ರೆ ಎಲೆ ತುಂಬ್ಸೋರು ಯಾರು?’

ತುಂಬಿಸಿದರು. ಒಬ್ಬರೂ ಎದುರು ಮಾತಾಡದೆ ಡ್ರಮ್ಮು ಹೊರಗಿಟ್ಟು, ಮೈಕು ಬಿಚ್ಚಿ, ಗಳದ ಮೇಲೆ ಹತ್ತಿ ಕಡ್ಡಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಮಾವ ಬಾಯಿಗೆ ಹತ್ತಿ ಇಟ್ಟುಕೊಂಡು ಜಗಲಿಯಲ್ಲಿ ಹೆಂಗಸರ ಜೊತೆ ಕೂತು ಎಲೆ ಕಟ್ಟಿದರು. ಸಂಜೆಗೆ ಒಲೆ ಹಚ್ಚಿದೆ. ಅವತ್ತೂ ಇದೇ ವಾಸನೆ.

ಅಮಾವಾಸ್ಯೆಯ ಮಾರನೆಯ ದಿನ ಇನ್ನೊಂದು ಹಲ್ಲೂ ಹೋಯಿತು. ಆಲ್ಬಂ ಸೇರಿಸುವಾಗ ‘ಉದ್ದದ್ದು’ ಬಿಟ್ಟುಬಿಡೋಣ, ನನ್ನ ಕೂಗು ಕೇಳಿ ಜನ ನಗುತ್ತಾರೆ, ಮಾವನ ಮರ್ಯಾದೆ ಹೋಗುತ್ತದೆ ಅಂತ ನಾನೇ ಹೇಳಿದೆ. ಮಾವ ಬೊಚ್ಚು ಬಾಯಲ್ಲಿ ಅಡ್ಡ ಹಾಕಿದರು. ‘ಕೂಗಿದ್ರೆ ಏನಾಯ್ತವ್ವ? ಮನೆ ಅಂದ್ಮೇಲೆ ಕೂಗಾಕಿಲ್ವಾ? ಅದು ಇದ್ದಂಗೇ ಇರ್ಲಿ.’ ಇದ್ದ ಹಾಗೇ ಹೋಯಿತು. ಒಂಬತ್ತನೆಯದು ಅವರ ಆಲ್ಬಂಗಳಲ್ಲೆಲ್ಲ ಹೆಚ್ಚು ಓಡಿತು. ಆಟೋದಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ಕೂತರೂ ನನ್ನ ಗಂಟಲು ನನಗೇ ಕೇಳಿಸುತ್ತದೆ. ಪಿರಿಯಾಪಟ್ಟಣದ ಸಂತೆಯಲ್ಲಿ ಗುರುತು ಪರಿಚಯ ಇಲ್ಲದವರೂ ‘ಮುಗೀತಾ ಅಕ್ಕ’ ಅಂತ ಕೇಳುತ್ತಾರೆ. ಸಿಟ್ಟು ಬರುತ್ತದೆ. ಯಾರ ಮೇಲೆ ಮಾಡಲಿ?

ಮಾವನಿಗೆ ಈಗ ಕಟ್ಟಿಸಿದ ಹಲ್ಲಿದೆ. ಮುದ್ದೆ ನುಂಗಲು, ಮಾತಾಡಲು ಸಾಕು, ಊದಲು ಬರುವುದಿಲ್ಲ. ಮದುವೆಗಳಿಗೆ ಗಿರೀಶ ಇನ್ನೊಬ್ಬ ಟ್ರಂಪೆಟ್ಟಿನವನನ್ನು ಕರೆದುಕೊಂಡು ಹೋಗುತ್ತಾನೆ. ಮಾವ ಮನೆಯಲ್ಲೇ ಇರುತ್ತಾರೆ.

ಮೊನ್ನೆ ಬಸ್ಸಿಳಿದು ಮನೆಗೆ ಬಂದಾಗ ಹಿತ್ತಲಿನಿಂದ ‘ಉದ್ದದ್ದು’ ಕೇಳುತ್ತಿತ್ತು. ಮಾವ ದನದ ಕೊಟ್ಟಿಗೆಯ ಪಕ್ಕ ಕಲ್ಲಿನ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದರು. ಹುಲ್ಲು ಹಾಕಿಲ್ಲ, ದನ ಅರಚುತ್ತಿವೆ, ಈ ಮನುಷ್ಯನಿಗೆ ಲಕ್ಷ್ಯವೇ ಇಲ್ಲ ಅಂತ ಬೈಯಲು ಹೋದವಳು ಅಲ್ಲೇ ನಿಂತೆ. ಟ್ರಂಪೆಟ್ಟು ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಫೋನಿನೊಳಗಿಂದ ನಾನು ಕೂಗಿದೆ, ಇನ್ನೂ ಮುಗೀಲಿಲ್ವಾ ನಿಮ್ದು.

ಮಾವ ಫೋನಿನ ಕಡೆಗೆ ಸ್ವಲ್ಪ ಬಾಗಿ, ಮೆಲ್ಲಗೆ, ‘ಮುಗೀತು ಕಣವ್ವ’ ಅಂದರು.

ಅದರೊಳಗೆ ಇನ್ನೂ ಮೂರು ನಿಮಿಷ ಇತ್ತು. ಅವರು ಕೇಳುತ್ತಾ ಕೂತರು. ನಾನು ಹೋಗಿ ದನಗಳಿಗೆ ಹುಲ್ಲು ಹಾಕಿದೆ.